ಅಲ್ಗಾಂಕ್ವಿನ್ ಉದ್ಯಾನದ ಕಾಲುದಾರಿಗಳು: ಕೆಂಪೆಲೆಯ ಕಾಲಕ್ಕಿಂತ ಹಿಮದ ಕಾಲವೇ ವಾಸಿ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿರುವ ಅಲ್ಗಾಂಕ್ವಿನ್ ಉದ್ಯಾನದ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಸೆಪ್ಟೆಂಬರ್ ಕೊನೆಯಲ್ಲಿ ಕೆಂಪೇರುವ ಮೇಪಲ್ ಮರಗಳು. ಆ ಕೆಂಪಿನ ಚಿತ್ರಗಳನ್ನು ನೋಡಿ ವಾರಾಂತ್ಯದಲ್ಲಿ ಹೊರಟವರಿಗೆ ಎಲೆಗಳ ಜೊತೆಗೆ ವಾಹನಗಳ ಸಾಲು, ತುಂಬಿದ ನಿಲುಗಡೆ ತಾಣ, ಮುಂದಿನವರ ಬೆನ್ನನ್ನೇ ನೋಡುತ್ತ ಏರಬೇಕಾದ ಕಾಲುದಾರಿ ಇವೂ ಸಿಗುತ್ತವೆ. ಇವೇ ದಾರಿಗಳನ್ನು ಬೇಸಿಗೆಯಲ್ಲೂ ಶರತ್ಕಾಲದಲ್ಲೂ ಹಿಮ ಬಿದ್ದ ಮೇಲೂ ನಡೆದು ನೋಡಿದ ನನಗೆ ಅನ್ನಿಸಿದ್ದಿಷ್ಟು: ಈ ಉದ್ಯಾನದ ಹೆಚ್ಚುಗಾರಿಕೆ ಇರುವುದು ಅದರ ಚಿಕ್ಕ ಚಿಕ್ಕ ದಾರಿಗಳಲ್ಲಿ, ಮತ್ತು ಆ ದಾರಿಗಳು ತಮ್ಮಲ್ಲಿರುವುದನ್ನೆಲ್ಲ ಬಿಚ್ಚಿಡುವುದು ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಅಡಿಗೆ ಕಟ್ಟುವ ಅಗಲ ಚೌಕಟ್ಟು, ಕಟ್ಟಿಕೊಂಡು ನಿಧಾನವಾಗಿ ನಡೆಯುವವರಿಗೆ.

1893ರಲ್ಲಿ ಸ್ಥಾಪನೆಯಾದ ಅಲ್ಗಾಂಕ್ವಿನ್ ಒಂಟಾರಿಯೋದ ಪ್ರಾಂತೀಯ ಉದ್ಯಾನಗಳಲ್ಲೆಲ್ಲ ಹಳೆಯದು. ಅದರ ವಿಸ್ತೀರ್ಣ 7,600 ಚದರ ಕಿಲೋಮೀಟರಿಗೂ ಹೆಚ್ಚು. ಅದರ ಬಹುಭಾಗಕ್ಕೆ ಕಾರು ಹೋಗುವಂತಿಲ್ಲ. ಹುಟ್ಟು ಹಾಕುತ್ತ ಒಂದು ಸರೋವರ ದಾಟಿ, ದೋಣಿಯನ್ನು ಹೆಗಲ ಮೇಲೆ ಹೊತ್ತು ಮುಂದಿನ ಸರೋವರಕ್ಕೆ ನಡೆಯುವವರದು ಆ ಲೋಕ. ಉಳಿದವರ ಪಾಲಿಗೆ ಅಲ್ಗಾಂಕ್ವಿನ್ ಎಂದರೆ ಉದ್ಯಾನದ ದಕ್ಷಿಣ ಭಾಗವನ್ನು ಹಾದುಹೋಗುವ ಹೆದ್ದಾರಿ 60ರ 56 ಕಿಲೋಮೀಟರ್. ಪಶ್ಚಿಮ ದ್ವಾರದಲ್ಲಿ ಸೊನ್ನೆಯಿಂದ ಎಣಿಕೆ ಶುರುವಾಗಿ ಪೂರ್ವ ದ್ವಾರದ ಹೊತ್ತಿಗೆ 56 ಆಗುತ್ತದೆ, ಮತ್ತು ಇಲ್ಲಿ ಎಲ್ಲದರ ವಿಳಾಸವೂ ಆ ಅಂಕಿಯೇ. ಸ್ಪ್ರೂಸ್ ಬಾಗ್ ದಾರಿ 42.5ರಲ್ಲಿದೆ, ಲುಕೌಟ್ ದಾರಿ 39.7ರಲ್ಲಿದೆ ಎಂದು ಹೇಳಿದರೆ ಸಾಕು, ಬೇರೆ ಗುರುತು ಬೇಕಿಲ್ಲ. ಪಶ್ಚಿಮದ ಗುಡ್ಡಗಳಲ್ಲಿ ಸಕ್ಕರೆ ಮೇಪಲ್ ಮತ್ತು ಬೀಚ್‌ನಂಥ ಎಲೆ ಉದುರಿಸುವ ಮರಗಳು ದಟ್ಟವಾಗಿದ್ದು, ಪೂರ್ವಕ್ಕೆ ಸಾಗಿದಂತೆ ಪೈನ್ ಮತ್ತು ಸ್ಪ್ರೂಸ್‌ನಂಥ, ಚಳಿಗಾಲದಲ್ಲೂ ಹಸಿರಾಗಿರುವ ಸೂಜಿಎಲೆಯ ಮರಗಳ ಪಾಲು ಹೆಚ್ಚುತ್ತ ಹೋಗುತ್ತದೆ. ಆದ್ದರಿಂದ ಕೆಂಪೆಲೆಗಾಗಿ ಬಂದವರು ಪಶ್ಚಿಮದ ಕಡೆಯೂ, ಹಿಮದಲ್ಲಿ ಹಸಿರು ನೋಡಬೇಕೆನ್ನುವವರು 40ನೇ ಕಿಲೋಮೀಟರಿನ ಆಚೀಚೆಯೂ ಇಳಿಯುವುದು ಒಳ್ಳೆಯದು. ಟೊರಾಂಟೋದಿಂದ ಪಶ್ಚಿಮ ದ್ವಾರಕ್ಕೆ ಸುಮಾರು ಮೂರು ಗಂಟೆಯ ಪ್ರಯಾಣ. ಹೆದ್ದಾರಿಯ ಹಿಮವನ್ನು ಚಳಿಗಾಲದುದ್ದಕ್ಕೂ ತೆಗೆಯುತ್ತಾರಾದರೂ, ಎಲ್ಲ ದಾರಿಗಳ ನಿಲುಗಡೆ ತಾಣಗಳಿಗೂ ಆ ಭಾಗ್ಯವಿಲ್ಲ ಎನ್ನುವುದನ್ನು ಗಮನದಲ್ಲಿಟ್ಟುಕೊಂಡು, ಯಾವ ತಾಣ ತೆರೆದಿದೆ ಎಂದು ದ್ವಾರದಲ್ಲೇ ಕೇಳಿಕೊಂಡು ಮುಂದುವರಿಯಬೇಕು.

ಈ ದಾರಿಗಳನ್ನು ಬೇರೆ ಉದ್ಯಾನಗಳ ದಾರಿಗಳಿಂದ ಬೇರೆಯಾಗಿಸುವುದು ಒಂದು ಪುಟ್ಟ ಕೈಪಿಡಿ. ಒಂದೊಂದು ದಾರಿಗೂ ಒಂದೊಂದು ವಿಷಯವನ್ನು ಗೊತ್ತುಮಾಡಿ, ದಾರಿಯುದ್ದಕ್ಕೂ ಅಂಕಿ ಹಾಕಿದ ಕಂಬಗಳನ್ನು ನೆಟ್ಟು, ಪ್ರತಿ ಕಂಬದ ಬಳಿ ನಿಂತು ಓದಲು ಒಂದೆರಡು ಪುಟಗಳನ್ನು ಬರೆದಿದ್ದಾರೆ. ಲುಕೌಟ್ ದಾರಿಯ ಕೈಪಿಡಿ ಭೂವಿಜ್ಞಾನದ್ದು, ಟ್ರ್ಯಾಕ್ ಅಂಡ್ ಟವರ್‌ನದು ರೈಲು ಮತ್ತು ಸ್ಥಳೀಯ ಇತಿಹಾಸದ್ದು, ಹೆಮ್ಲಾಕ್ ಬ್ಲಫ್‌ನದು ಉದ್ಯಾನದಲ್ಲಿ ನಡೆಯುವ ಸಂಶೋಧನೆಗಳದ್ದು. 1983ರಲ್ಲಿ ಆರಂಭವಾದ ಫ್ರೆಂಡ್ಸ್ ಆಫ್ ಅಲ್ಗಾಂಕ್ವಿನ್ ಪಾರ್ಕ್ ಎಂಬ ಲಾಭರಹಿತ ಸಂಸ್ಥೆ ಇವುಗಳನ್ನು ಪ್ರಕಟಿಸುತ್ತದೆ. ಬರವಣಿಗೆ ತಿಳಿಯಾಗಿದೆ, ಉಪದೇಶ ಮಾಡುವುದಿಲ್ಲ, ಎದುರಿಗಿರುವ ಬಂಡೆಯನ್ನೋ ಮರವನ್ನೋ ಬಿಟ್ಟು ಆಚೆ ಹೋಗುವುದಿಲ್ಲ. ಕೈಪಿಡಿ ಇಲ್ಲದೆ ಎರಡು ಕಿಲೋಮೀಟರ್ ನಡೆದರೆ ಅದೊಂದು ಸಾಧಾರಣ ವಾಯುವಿಹಾರ; ಕೈಪಿಡಿ ಹಿಡಿದು ನಡೆದರೆ ಅಷ್ಟೇ ದೂರಕ್ಕೆ ಒಂದೂವರೆ ಗಂಟೆ ಬೇಕಾಗುತ್ತದೆ, ಆ ಹೊತ್ತು ಸಾರ್ಥಕವೂ ಆಗುತ್ತದೆ. ಹಿಮ ಆಳವಾದಾಗ ಕಂಬಗಳ ತುದಿಯಷ್ಟೇ ಕಾಣುವುದರಿಂದ ಅಂಕಿಯನ್ನು ಕೈಗವಸಿನಿಂದ ಒರೆಸಿ ಹುಡುಕಬೇಕಾಗುತ್ತದೆ. ದಾರಿಯ ಆರಂಭದಲ್ಲಿ ಸಿಗುತ್ತದೆಂದು ನಂಬಿಕೊಳ್ಳದೆ ಕೈಪಿಡಿಗಳನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಲೇಸು.

ಒಂದೇ ದಾರಿಗೆ ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಸ್ಪ್ರೂಸ್ ಬಾಗ್. ಉದ್ದ ಬರೀ 1.5 ಕಿಲೋಮೀಟರ್, ಏರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಜೌಗಿನ ಮೇಲೆ ಮರದ ಹಲಗೆ ಹಾಸಿದ ಹಾದಿ. ಬೇಸಿಗೆಯಲ್ಲಿ ಇಲ್ಲಿ ಕಾಲ ಕೆಳಗೆ ನೀರು ತುಂಬಿದ ಸ್ಫ್ಯಾಗ್ನಮ್ ಪಾಚಿಯ ಹಾಸಿಗೆ. ಚಳಿಗಾಲದಲ್ಲಿ ಅದೆಲ್ಲ ಮುಚ್ಚಿಹೋಗಿ ಕಪ್ಪು ಸ್ಪ್ರೂಸ್ ಮರಗಳು ಮಾತ್ರ ಎದ್ದು ಕಾಣುತ್ತವೆ. ಆಳೆತ್ತರವೂ ಇಲ್ಲದ ಈ ಮರಗಳನ್ನು ಎಳೆಯ ಸಸಿಗಳೆಂದುಕೊಂಡವರಿಗೆ ಕೈಪಿಡಿ ನಿಜ ಹೇಳುತ್ತದೆ. ಆಮ್ಲೀಯವಾದ, ಪೋಷಕಾಂಶವಿಲ್ಲದ, ತಣ್ಣನೆಯ ಜೌಗಿನಲ್ಲಿ ಮರ ಬೆಳೆಯುವ ವೇಗ ಎಷ್ಟು ಕಡಿಮೆಯೆಂದರೆ ಮಣಿಕಟ್ಟಿನಷ್ಟು ದಪ್ಪದ ಕಾಂಡಕ್ಕೆ ಹಲವು ದಶಕಗಳ ವಯಸ್ಸಿರಬಹುದು. ಹಿಮದ ಭಾರಕ್ಕೆ ಬಾಗಿದ ಕೆಳಗಿನ ಕೊಂಬೆಗಳು ಪಾಚಿಯೊಳಗೆ ಹುದುಗಿ, ಅಲ್ಲೇ ಬೇರುಬಿಟ್ಟು, ಹೊಸ ಮರವಾಗುವುದೂ ಉಂಟು. ತಾಯಿಮರದ ಸುತ್ತ ಮರಿಗಳು ವೃತ್ತಾಕಾರವಾಗಿ ನಿಂತಿರುವುದಕ್ಕೆ ಕಾರಣ ಅದೇ. ಕೊಂಬೆಗಳು ಹೊರೆ ಹೊತ್ತು ನೆಲಕ್ಕೆ ತಾಗಿರುವುದನ್ನು ಕಣ್ಣಾರೆ ಕಾಣುವ ಜನವರಿಯಲ್ಲಿ ಈ ವಿವರಣೆ ಓದುವುದಕ್ಕೂ ಜುಲೈನಲ್ಲಿ ಓದುವುದಕ್ಕೂ ಬಹಳ ವ್ಯತ್ಯಾಸವಿದೆ.

ಆದರೆ ಸ್ಪ್ರೂಸ್ ಬಾಗ್‌ಗೆ ಚಳಿಗಾಲದಲ್ಲಿ ಜನ ಬರುವುದು ಮುಖ್ಯವಾಗಿ ಕೆನಡಾ ಜೇ ಹಕ್ಕಿಗಾಗಿ. ಬೂದು ಬೆನ್ನು, ಕಪ್ಪು ನೆತ್ತಿ, ಬಿಳಿ ಕೆನ್ನೆಯ ಈ ಹಕ್ಕಿ ಮನುಷ್ಯರನ್ನು ಕಂಡರೆ ಹೆದರಿ ಹಾರುವ ಬದಲು ಹತ್ತಿರ ಬರುತ್ತದೆ. ಕೈಗೆಟುಕುವ ಕೊಂಬೆಯ ಮೇಲೆ ಕೂತು, ತಲೆ ಓರೆ ಮಾಡಿ, ನಿಮ್ಮ ಚೀಲದ ಜಿಪ್ ಎಳೆಯುವ ಸದ್ದನ್ನೇ ಕಾಯುತ್ತದೆ. ಕಾಲನ್ನು ಗಮನಿಸಿದರೆ ಬಣ್ಣಬಣ್ಣದ ಸಣ್ಣ ಉಂಗುರಗಳು ಕಾಣುತ್ತವೆ. ಅದು ಅಲಂಕಾರವಲ್ಲ. ಯಾವ ಹಕ್ಕಿ ಯಾವ ಜೋಡಿಗೆ ಸೇರಿದ್ದು, ಎಷ್ಟು ವರ್ಷದಿಂದ ಇಲ್ಲಿದೆ ಎಂದು ಗುರುತಿಸಲು ಇಲ್ಲಿ ದಶಕಗಳಿಂದ ನಡೆದುಬಂದಿರುವ ಅಧ್ಯಯನದ ಭಾಗ ಅದು. ಈ ಹಕ್ಕಿ ಚಳಿಗಾಲಕ್ಕೆ ದಕ್ಷಿಣಕ್ಕೆ ವಲಸೆ ಹೋಗುವುದಿಲ್ಲ. ಬೇಸಿಗೆ ಮತ್ತು ಶರತ್ಕಾಲದಲ್ಲಿ ಸಿಕ್ಕ ಕೀಟ, ಹಣ್ಣು, ಮಾಂಸದ ತುಣುಕುಗಳನ್ನು ತನ್ನ ಅಂಟು ಜೊಲ್ಲಿನಿಂದ ಮೆತ್ತಿ ತೊಗಟೆಯ ಸೀಳುಗಳಲ್ಲಿ ಸಾವಿರಾರು ಕಡೆ ಬಚ್ಚಿಟ್ಟು, ಅದನ್ನೇ ತಿಂದು ಬದುಕಿ, ನೆಲದಲ್ಲಿ ಇನ್ನೂ ಹಿಮವಿರುವ ಮಾರ್ಚ್‌ನಲ್ಲೇ ಮೊಟ್ಟೆಯಿಡುತ್ತದೆ. ಶರತ್ಕಾಲ ಬೆಚ್ಚಗಾಗಿ ಹಿಮಗಟ್ಟುವಿಕೆ ತಡವಾದರೆ ಬಚ್ಚಿಟ್ಟ ಆಹಾರ ಕೆಡುತ್ತದೆ, ಅದರಿಂದ ಮರಿಗಳ ಸಂಖ್ಯೆ ಕುಗ್ಗುತ್ತದೆ ಎಂಬುದನ್ನು ಅಲ್ಗಾಂಕ್ವಿನ್‌ನ ಅಧ್ಯಯನಗಳು ಸೂಚಿಸಿವೆ. ಮನೆಯಲ್ಲಿ ಶೀತಪೆಟ್ಟಿಗೆಯ ವಿದ್ಯುತ್ ಹೋದಾಗ ಆಗುವ ನಷ್ಟವೇ ಇದು ಕೂಡ.

45.2ನೇ ಕಿಲೋಮೀಟರಿನಲ್ಲಿರುವ ಬೀವರ್ ಪಾಂಡ್ ದಾರಿ ಎರಡು ಕಿಲೋಮೀಟರಿನದು. ಸ್ವಲ್ಪ ಏರಿಳಿತವಿದ್ದರೂ ಯಾರನ್ನೂ ದಣಿಸುವಂಥದ್ದಲ್ಲ. ಮರ ಕಡಿದು ತೊರೆಗೆ ಅಣೆಕಟ್ಟೆ ಕಟ್ಟುವ ಪ್ರಾಣಿಗಳಾದ ಬೀವರ್‌ಗಳನ್ನೇ ನೋಡಬೇಕೆಂದರೆ ಬೇಸಿಗೆಯ ಸಂಜೆ ಬರಬೇಕು. ಆದರೆ ಅವುಗಳ ಕೆಲಸವನ್ನು ಅರ್ಥಮಾಡಿಕೊಳ್ಳಲು ಹಿಮಗಾಲವೇ ಸರಿ. ಎಲೆಗಳ ಮರೆಯಿಲ್ಲದೆ ಅಣೆಕಟ್ಟೆಯ ಪೂರ್ತಿ ಸಾಲು, ಕೊಳದ ಅಂಚಿನಲ್ಲಿ ನೀರು ನಿಂತು ಸತ್ತ ಮರಗಳು, ನಡುವೆ ಹಿಮ ಹೊದ್ದ ಗೂಡು ಇವೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಬೀವರ್ ಚಳಿಗಾಲದಲ್ಲಿ ದೀರ್ಘನಿದ್ರೆಗೆ ಜಾರುವ ಪ್ರಾಣಿಯಲ್ಲ. ಮಂಜುಗಡ್ಡೆ ಕಟ್ಟುವ ಮೊದಲೇ ಗೂಡಿನ ಬಳಿ ನೀರಿನಡಿ ಕೊಂಬೆಗಳ ರಾಶಿ ಹಾಕಿಟ್ಟುಕೊಂಡು, ಗಡ್ಡೆಯ ಕೆಳಗೇ ಈಜಿ ಹೋಗಿ ತೊಗಟೆ ತಂದು ತಿನ್ನುತ್ತದೆ. ತೀರ ಚಳಿಯ ಬೆಳಗ್ಗೆ ಗೂಡಿನ ನೆತ್ತಿಯಲ್ಲಿ ಗಾಳಿಗೆಂದು ಬಿಟ್ಟ ಸಂದಿನ ಸುತ್ತ ಬಿಳಿಯ ಹರಳುಗಳು ಕಟ್ಟಿದ್ದರೆ ಒಳಗೆ ಉಸಿರಾಡುವವರಿದ್ದಾರೆ ಎಂದು ತಿಳಿಯಬಹುದು. ಅದನ್ನು ಹತ್ತಿರದಿಂದ ನೋಡುವ ಆಸೆಗೆ ಕೊಳದ ಮೇಲೆ ಕಾಲಿಡುವುದು ಮಾತ್ರ ಸಲ್ಲದು. ಬೀವರ್‌ಗಳು ಓಡಾಡುವ ಕಡೆ ಮತ್ತು ಅಣೆಕಟ್ಟೆಯ ಹತ್ತಿರ ನೀರು ಚಲಿಸುತ್ತಲೇ ಇರುವುದರಿಂದ ಮೇಲೆ ಹಿಮ ಒಂದೇ ಸಮ ಕಂಡರೂ ಕೆಳಗಿನ ಗಡ್ಡೆ ತೆಳುವಾಗಿರುತ್ತದೆ.

ಸರೋವರದ ದಡದಲ್ಲೇ ನಡೆಯಬೇಕು ಎನ್ನುವವರಿಗೆ 19.2ನೇ ಕಿಲೋಮೀಟರಿನ ಪೆಕ್ ಲೇಕ್ ದಾರಿ ಇದೆ. 2.3 ಕಿಲೋಮೀಟರಿನ ಈ ದಾರಿ ಆ ಪುಟ್ಟ ಸರೋವರವನ್ನು ಪೂರ್ತಿ ಸುತ್ತುತ್ತದೆ. ನೀರು ಒಂದು ಕ್ಷಣವೂ ಕಣ್ಮರೆಯಾಗುವುದಿಲ್ಲ ಎನ್ನಬಹುದು. ಹೆಸರುವಾಸಿಯಲ್ಲದ ಕಾರಣ ಅಕ್ಟೋಬರ್‌ನಲ್ಲೂ ಇಲ್ಲಿ ಉಸಿರಾಡಲು ಜಾಗವಿರುತ್ತದೆ. ಉಷ್ಣತೆ ಥಟ್ಟನೆ ಇಳಿದ ಸಂಜೆ ಹೆಪ್ಪುಗಟ್ಟಿದ ಸರೋವರ ಕುಗ್ಗುತ್ತ ಬಿರುಕುಬಿಡುವ ಸದ್ದು, ದೂರದಲ್ಲಿ ಯಾರೋ ದೊಡ್ಡ ತಂತಿ ಮೀಟಿದಂಥದ್ದು, ಕೇಳಲು ಸಿಗಬಹುದು. ಗೊತ್ತಿಲ್ಲದವರು ಬೆಚ್ಚಿಬೀಳುತ್ತಾರೆ, ಅಷ್ಟೆ.

ಇನ್ನು ಎಲ್ಲರೂ ಕೇಳುವ ಲುಕೌಟ್ ದಾರಿಯ ಮಾತು. ಇದರ ಉದ್ದವೂ 2.1 ಕಿಲೋಮೀಟರ್ ಮಾತ್ರ, ಆದರೆ ಆರಂಭದಿಂದಲೇ ಕಡಿದಾದ ಏರು, ಮೇಲೆ ನೇರವಾಗಿ ಕೆಳಗಿಳಿಯುವ ಬಂಡೆಯ ಅಂಚು. ನೋಟ ದೊಡ್ಡದು ಎನ್ನುವುದರಲ್ಲಿ ಸಂದೇಹವಿಲ್ಲ. ಅದೇ ಕಾರಣಕ್ಕೆ ಶರತ್ಕಾಲದ ದಟ್ಟಣೆಯ ಪಾಲು ಇದರ ಮೇಲೆ ಅಷ್ಟೊಂದು ಬೀಳುತ್ತದೆ. ಚಳಿಗಾಲದಲ್ಲಿ ಇಲ್ಲಿ ಸ್ನೋಶೂ ಸರಿಯಾದ ಸಾಧನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜನರ ತುಳಿತಕ್ಕೆ ಹಿಮ ಗಟ್ಟಿಯಾಗಿ ನುಣುಪಾಗಿಬಿಡುವ ಈ ಏರಿನಲ್ಲಿ ಬೂಟಿನ ಅಡಿಗೆ ಸಿಕ್ಕಿಸುವ ಉಕ್ಕಿನ ಮುಳ್ಳುಗಳ ಸರಪಳಿ, ಅಂದರೆ ಮೈಕ್ರೋಸ್ಪೈಕ್, ಹೆಚ್ಚು ಕೆಲಸ ಮಾಡುತ್ತದೆ. ಅಂಚಿನಲ್ಲಿ ಬಂಡೆಯಿಂದಾಚೆಗೂ ಹಿಮ ಚಾಚಿಕೊಂಡಿರಬಹುದಾದ್ದರಿಂದ ನೆಲ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಕಣ್ಣಿನ ಅಂದಾಜಿಗೆ ಬಿಡಬಾರದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಲಿ.

ಆ ಬೇರೆಯದು ಯಾವುದೆಂದರೆ 27.2ರಲ್ಲಿರುವ ಹೆಮ್ಲಾಕ್ ಬ್ಲಫ್. 3.5 ಕಿಲೋಮೀಟರಿನ ಈ ದಾರಿಯ ತುದಿಯಲ್ಲಿ ಜಾಕ್ ಲೇಕ್ ಕಾಣುವ ದಿಬ್ಬವಿದೆ. ನೋಟ ಲುಕೌಟ್‌ನಷ್ಟು ವಿಶಾಲವಲ್ಲ, ಆದರೆ ಅಲ್ಲಿಗೆ ಮುಟ್ಟುವ ಕಾಡು ಅದಕ್ಕಿಂತ ಬಹಳ ಚೆನ್ನ. ಹೆಮ್ಲಾಕ್ ಮರದ ದಟ್ಟ ಸೂಜಿಎಲೆಗಳು ಬೀಳುವ ಹಿಮದ ಬಹುಪಾಲನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುವುದರಿಂದ ಅದರ ಕೆಳಗೆ ಹಿಮದ ಆಳ ಕಡಿಮೆ. ಮೇಪಲ್ ಮರಗಳ ನಡುವಿನಿಂದ ಹೆಮ್ಲಾಕ್ ನೆರಳಿಗೆ ಕಾಲಿಟ್ಟ ಕೂಡಲೆ ಸ್ನೋಶೂ ಮುಳುಗುವುದು ಕಡಿಮೆಯಾಗಿ, ಹೆಜ್ಜೆ ಹಗುರವಾಗುವುದು ಕಾಲಿಗೇ ತಿಳಿಯುತ್ತದೆ. ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಕೂಡ ಆಳದ ಹಿಮದ ತಿಂಗಳುಗಳಲ್ಲಿ ಇಂಥ ಆಸರೆಯನ್ನು ಹುಡುಕುತ್ತದೆ. ಹಿಮದ ಮೇಲಿನ ಗುರುತುಗಳನ್ನು ಓದುವ ಹವ್ಯಾಸವಿರುವವರಿಗೆ ಈ ದಾರಿ ಹಬ್ಬ: ಹಿಂಗಾಲಿನ ದೊಡ್ಡ ಪಾದಗಳನ್ನು ಮುಂಗಾಲಿಗಿಂತ ಮುಂದಕ್ಕೆ ಊರಿ ಜಿಗಿದ ಹಿಮಮೊಲ, ನಾಲ್ಕು ಪುಟ್ಟ ಗುರುತು ಬಿಟ್ಟು ಮರದ ಬುಡದಲ್ಲಿ ಮಾಯವಾದ ಕೆಂಪು ಅಳಿಲು, ತೊರೆಯ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಜಾರಿ ಗೀರು ಎಳೆದ ನೀರುನಾಯಿ.

ಇತಿಹಾಸ ಬೇಕೆನ್ನುವವರು 25ನೇ ಕಿಲೋಮೀಟರಿನ ಟ್ರ್ಯಾಕ್ ಅಂಡ್ ಟವರ್ ಹಿಡಿಯಬೇಕು. 7.5 ಕಿಲೋಮೀಟರಿನ ಈ ದಾರಿಯ ಒಂದು ಭಾಗ ಮರದ ವ್ಯಾಪಾರಿ ಜೆ.ಆರ್. ಬೂತ್ 1890ರ ದಶಕದಲ್ಲಿ ಕಟ್ಟಿಸಿದ ಒಟ್ಟಾವ, ಆರ್ನ್‌ಪ್ರಯರ್ ಅಂಡ್ ಪ್ಯಾರಿ ಸೌಂಡ್ ರೈಲುಮಾರ್ಗದ ಮೇಲೆಯೇ ಸಾಗುತ್ತದೆ. ಹಳಿಗಳು ಎಂದೋ ಹೋಗಿವೆ. ಸಮನಾದ ಏರಿ ಉಳಿದಿದೆ, ಹಳೆಯ ಸೇತುವೆಯ ಕುರುಹುಗಳಿವೆ, ಕಾಡ್ಗಿಚ್ಚು ಕಾಯುವ ಗೋಪುರವಿದ್ದ ದಿಬ್ಬದಿಂದ ಕ್ಯಾಶ್ ಲೇಕ್ ಕಾಣುತ್ತದೆ. ಹಿಮದಲ್ಲಿ ಇದು ಪೂರ್ತಿ ಒಂದು ದಿನದ ಕೆಲಸ, ಅನುಭವ ಇಲ್ಲದವರಿಗೆ ತಕ್ಕುದಲ್ಲ. ಒಂಬತ್ತು ಕೊಳ ಮತ್ತು ಸಣ್ಣ ಸರೋವರಗಳನ್ನು ಮುಟ್ಟುವ, ಹತ್ತು ಕಿಲೋಮೀಟರಿಗೂ ಉದ್ದದ ಮಿಜ್ಜಿ ಲೇಕ್ ದಾರಿಯನ್ನೂ ಏರಿಳಿತ ಹೆಚ್ಚಿರುವ 10.4 ಕಿಲೋಮೀಟರಿನ ಸೆಂಟೆನಿಯಲ್ ರಿಜಸ್ ದಾರಿಯನ್ನೂ ಹಿಮವಿಲ್ಲದ ಕಾಲಕ್ಕೇ ಮೀಸಲಿಡುವುದು ಒಳಿತು. ಮೊದಲನೆಯದು ವನ್ಯಜೀವಿಗಳಿಗೆ ಪ್ರಸಿದ್ಧವಾಗಿದ್ದು, ಆ ಕಾರಣಕ್ಕೇ ಅಲ್ಲಿಗೆ ನಾಯಿಗಳನ್ನು ಒಯ್ಯುವಂತಿಲ್ಲ; ಉಳಿದ ದಾರಿಗಳಲ್ಲಿ ಹಗ್ಗ ಕಟ್ಟಿ ಕರೆದೊಯ್ಯಬಹುದು.

ಸ್ನೋಶೂಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದೆ ಆ್ಯಶ್ ಎಂಬ ಮರದ ಚೌಕಟ್ಟಿಗೆ ಹಸಿದೊಗಲಿನ ಪಟ್ಟಿ ಹೆಣೆದು ಮಾಡುತ್ತಿದ್ದ ಇವು ಈಗ ಅಲ್ಯುಮಿನಿಯಂ ಚೌಕಟ್ಟು, ಪ್ಲಾಸ್ಟಿಕ್ ಹಾಳೆ, ಬೆರಳಿನ ಬುಡದ ಕೆಳಗೆ ಉಕ್ಕಿನ ಹಲ್ಲು ಇಷ್ಟನ್ನು ಕೂಡಿಸಿದ ಸಾಧನ. ಕೆಲಸದ ತತ್ವ ಮಾತ್ರ ಹಳೆಯದೇ: ದೇಹದ ಭಾರವನ್ನು ಹೆಚ್ಚು ವಿಸ್ತಾರಕ್ಕೆ ಹಂಚಿದರೆ ಹಿಮ ಹೊರುತ್ತದೆ. ಆದ್ದರಿಂದ ಅಳತೆ ಆರಿಸುವಾಗ ಬೂಟಿನ ಅಳತೆಯನ್ನಲ್ಲ, ಚೀಲವನ್ನೂ ಸೇರಿಸಿದ ಒಟ್ಟು ತೂಕವನ್ನು ಹೇಳಬೇಕು. ಅಳತೆಗಿಂತಲೂ ಕಟ್ಟುವ ಪಟ್ಟಿಯ ಬಗೆ ಹೆಚ್ಚು ಮುಖ್ಯ ಎಂಬುದು ಉದ್ಯಾನದ ಹೊರಗಿನ ಒಂದು ಅಂಗಡಿಯಿಂದ ಬಾಡಿಗೆಗೆ ತಂದ ಜೋಡಿಯಿಂದ ನನಗೆ ಮನದಟ್ಟಾಯಿತು. ಹಲ್ಲುಪಟ್ಟಿಯನ್ನು ಕೊಂಡಿಯೊಳಗೆ ಎಳೆದು ಬಿಗಿಯುವ ಆ ಬಗೆಯಲ್ಲಿ ಹಲ್ಲುಗಳ ನಡುವೆ ಹಿಮ ಹೊಕ್ಕು ಗಡ್ಡೆಕಟ್ಟಿ, ಕೊಂಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ, ಕೈಗವಸು ಕಳಚಿ ಬೆರಳಿನ ಬಿಸಿಯಿಂದ ಕರಗಿಸಬೇಕಾಯಿತು. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಗಾಳಿಯಲ್ಲಿ ಅದು ಹಿತವಾದ ಕೆಲಸವಲ್ಲ. ತೂತುಗಳಿರುವ ಸಾದಾ ರಬ್ಬರ್ ಪಟ್ಟಿಯ ಜೋಡಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಬೇಕು. ಅಂಗಡಿಯಿಂದ ಹೊರಡುವ ಮುನ್ನ ಕೈಗವಸು ತೊಟ್ಟೇ ಒಮ್ಮೆ ಕಟ್ಟಿ ಬಿಚ್ಚಿ ನೋಡುವುದು ಅತ್ಯುತ್ತಮ ಪರೀಕ್ಷೆ. ಜೊತೆಗೆ ತುದಿಯಲ್ಲಿ ಅಗಲ ಬಟ್ಟಲಿರುವ ಕೋಲುಗಳು ಬೇಕು, ಇಲ್ಲವಾದರೆ ಕೋಲು ಹಿಮದೊಳಗೆ ಹೂತುಹೋಗುತ್ತದೆ.

ನಿಯಮಗಳಲ್ಲಿ ತೊಡಕೇನಿಲ್ಲ. ವಾಹನಕ್ಕೆ ದಿನದ ಪರವಾನಗಿ ಬೇಕು. ಅದನ್ನು ಐದು ದಿನ ಮೊದಲೇ ಅಂತರ್ಜಾಲದಲ್ಲಿ ಕಾಯ್ದಿರಿಸಬಹುದು, ಕೆಂಪೆಲೆಯ ವಾರಾಂತ್ಯಗಳಲ್ಲಿ ಹಾಗೆ ಮಾಡದವರು ದ್ವಾರದಿಂದಲೇ ಹಿಂದಿರುಗಬೇಕಾದೀತು. ಸ್ನೋಶೂ ಹಾಕಿಕೊಂಡು ಉದ್ಯಾನದಲ್ಲಿ ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ನಡೆಯಬಹುದು, ಆದರೆ ಯಂತ್ರದಿಂದ ಹದಮಾಡಿದ ಸ್ಕೀ ಹಾದಿಗಳ ಮೇಲೆ ಕಾಲಿಡುವಂತಿಲ್ಲ. ಪಶ್ಚಿಮ ದ್ವಾರದ ಬಳಿಯ ಫೆನ್ ಲೇಕ್ ಮತ್ತು ಪೂರ್ವ ದ್ವಾರದ ಬಳಿಯ ಲೀಫ್ ಲೇಕ್ ಸ್ಕೀ ಮಾಡುವವರಿಗೆ ಮೀಸಲು. ಬರಿ ಬೂಟಿನಲ್ಲಿ ಹೊಸ ಹಿಮಕ್ಕಿಳಿದು ಮೊಣಕಾಲುದ್ದದ ಗುಂಡಿಗಳನ್ನು ಬಿಡುತ್ತ ಹೋಗುವುದನ್ನು ಯಾವ ನಿಯಮವೂ ತಡೆಯದಿದ್ದರೂ, ರಾತ್ರಿ ಆ ಗುಂಡಿಗಳು ಹೆಪ್ಪುಗಟ್ಟಿ ಮರುದಿನ ಬಂದವರ ಪಾದ ಉಳುಕಿಸುತ್ತವೆ. ದಾರಿಗಳಲ್ಲಿ ಮೊಬೈಲ್ ಸಂಪರ್ಕವನ್ನು ನೆಚ್ಚಿಕೊಳ್ಳುವಂತಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೇ ಸೂರ್ಯ ಮುಳುಗುವುದರಿಂದ ಮಧ್ಯಾಹ್ನ ಎರಡರ ನಂತರ ಎರಡು ಕಿಲೋಮೀಟರಿಗಿಂತ ಉದ್ದದ ದಾರಿಗೆ ಹೊರಡುವುದು ಜಾಣತನವಲ್ಲ. ಬೇಸಿಗೆಯ ಲೆಕ್ಕದ ಒಂದು ಗಂಟೆಗೆ ಆಳದ ಹಿಮದಲ್ಲಿ ಎರಡು ಗಂಟೆ ಹಿಡಿಯಬೇಕು.

ಹಿಮ ಒಗ್ಗದವರು ಬೇಸಿಗೆಯಲ್ಲಿ ಬರಲಿ, ಆದರೆ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಕರಿನೊಣ, ಅದರ ಬೆನ್ನಿಗೇ ಸೊಳ್ಳೆ ಇರುತ್ತವೆಂದು ತಿಳಿದು ಬರಲಿ. ಅದೇ ದಿನಗಳಲ್ಲಿ, ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕರಗಿ ಸೇರಿದ ಚರಂಡಿ ನೀರನ್ನು ಕುಡಿಯಲು ಮೂಸ್‌ಗಳು ಹೆದ್ದಾರಿಯ ಅಂಚಿಗೇ ಬರುತ್ತವೆ. ಮೂಸ್ ನೋಡಲೇಬೇಕೆನ್ನುವವರಿಗೆ ನೊಣಗಳ ಕಾಟ ಸಹಿಸಿಕೊಳ್ಳಲು ಅದು ಸಾಕಷ್ಟು ಒಳ್ಳೆಯ ಕಾರಣ. ಚಳಿಗಾಲದಲ್ಲಿ ರಾತ್ರಿ ಉಳಿಯುವವರಿಗೆ ಮ್ಯೂ ಲೇಕ್ ಶಿಬಿರತಾಣ ತೆರೆದಿರುತ್ತದೆ. ಅಲ್ಲಿ ಗುಡಾರ ಹಾಕುವ ಧೈರ್ಯವಿಲ್ಲದವರಿಗೆ ಯರ್ಟ್ ಎಂಬ ದುಂಡನೆಯ ಬಿಡಾರಗಳೂ ಇವೆ, ಅವನ್ನು ಬಹಳ ಮುಂಚೆಯೇ ಕಾಯ್ದಿರಿಸಬೇಕು. ಒಂದೇ ದಿನಕ್ಕೆ ಬರುವವರು ಬೆಳಗ್ಗೆ ಸ್ಪ್ರೂಸ್ ಬಾಗ್ ಮುಗಿಸಿ, ಅದರ ಹತ್ತಿರದಲ್ಲೇ 43ನೇ ಕಿಲೋಮೀಟರಿನಲ್ಲಿರುವ ಸಂದರ್ಶಕರ ಕೇಂದ್ರದಲ್ಲಿ ಮೈ ಬೆಚ್ಚಗೆ ಮಾಡಿಕೊಂಡು, ಅಲ್ಲಿಂದ ಬೀವರ್ ಪಾಂಡ್‌ಗೆ ಹೋಗುವುದು ಅನುಕೂಲ. ಉದ್ಯಾನದ ಶತಮಾನೋತ್ಸವದ ವರ್ಷವಾದ 1993ರಲ್ಲಿ ತೆರೆದ ಆ ಕೇಂದ್ರದ ಹಿಂಬದಿಯ ಜಗುಲಿಯಿಂದ ಸಂಡೇ ಕ್ರೀಕ್ ಕಣಿವೆ ಪೂರ್ತಿ ಕಾಣುತ್ತದೆ, ಚಳಿಗಾಲದಲ್ಲಿ ಕಾಳು ತಿನ್ನಲು ಬರುವ ಹಕ್ಕಿಗಳನ್ನೂ ಅಲ್ಲಿಂದಲೇ ನೋಡಬಹುದು. ಹಿಮಗಾಲದಲ್ಲಿ ವಾರದ ದಿನಗಳ ವೇಳಾಪಟ್ಟಿ ವಾರಾಂತ್ಯದಂತಿರುವುದಿಲ್ಲವಾದ್ದರಿಂದ, ಬಿಸಿ ಕೋಣೆಯನ್ನೂ ಶೌಚಾಲಯವನ್ನೂ ಅದರ ಮೇಲೆಯೇ ನೆಚ್ಚಿಕೊಂಡವರು ಹೊರಡುವ ಮೊದಲು ಅದು ತೆರೆದಿರುವ ಹೊತ್ತನ್ನು ವಿಚಾರಿಸಿಕೊಳ್ಳಬೇಕು.